ಮಾತಿನ ರೀಲು

ಅಥವಾ ಮೊದಲು ಕಂಡದ್ದು ಬೂಟು ಅಲ್ಲವೇನೋ. ಜೀಪಿನ ಬಾಗಿಲು ಇರಬೇಕು, ಇಲ್ಲವೇ ಬರೀ ಧೂಳು. ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಹೀಗೆ: ಜೀಪು ನಿಲ್ಲುತ್ತದೆ, ಧೂಳು ಇಳಿಯುತ್ತದೆ, ಕಂದು ಬೂಟೊಂದು ನೆಲ ಮುಟ್ಟುತ್ತದೆ, ಕುರುಗೋಡಿನ ತಗಡಿನ ಟಾಕೀಸು ಎದ್ದು ನಿಂತು ಸೀಟಿ ಹೊಡೆಯುತ್ತದೆ. ಮುಖ ಇನ್ನೂ ಬಂದಿಲ್ಲ, ಸೀಟಿಯೆಲ್ಲ ಬೂಟಿಗೆ. ಆದರೆ ಅದಾದ ಮೇಲೆ ಎಷ್ಟೋ ಪೊಲೀಸ್ ಸಿನಿಮಾ ನೋಡಿದ್ದೇನೆ, ಎಲ್ಲದರಲ್ಲೂ ಬೂಟು ಇತ್ತು. ಯಾವ ಬೂಟು ಯಾವ ಜೀಪಿನಿಂದ ಇಳಿಯಿತೆಂದು ಈಗ ಪ್ರಮಾಣ ಮಾಡಲಾರೆ.

ಕುರ್ಚಿಯ ಬಗ್ಗೆ ಮಾತ್ರ ಪ್ರಮಾಣ ಮಾಡಬಲ್ಲೆ. ಅದು ತೆಲುಗು ಸಿನಿಮಾ. ನಮ್ಮ ಕಡೆ ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ, ಅರ್ಧ ಊರು ತೆಲುಗಿನಲ್ಲೇ ನಗುತ್ತಿತ್ತು. ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಸ್ಟೇಷನ್ನಿಗೆ ಕಾಲಿಡುತ್ತಾನೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಟವೆಲು ಕಂಕುಳಲ್ಲಿಟ್ಟುಕೊಂಡು ಒಬ್ಬ ಮುದುಕ ನಿಂತಿದ್ದಾನೆ. ಇನ್ಸ್‌ಪೆಕ್ಟರ್ ಮಾತಾಡುವುದಿಲ್ಲ. ತನ್ನ ಕುರ್ಚಿಯನ್ನು ಎತ್ತಿ ತಂದು ಮುದುಕನ ಹಿಂದೆ ಇಡುತ್ತಾನೆ. ಮುದುಕ ಕೂರುವುದಿಲ್ಲ. ಇನ್ಸ್‌ಪೆಕ್ಟರ್ ಅವನ ಹೆಗಲು ಹಿಡಿದು ಕೂರಿಸುತ್ತಾನೆ.

ಆಗ ಬಿದ್ದ ಸೀಟಿ ಮುಂದೆ ಯಾವ ಫೈಟಿಗೂ ಬೀಳಲಿಲ್ಲ. ಇಂಥ ಸಿನಿಮಾದ ಸೆಳೆತ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಹೊಡೆತವನ್ನು ತೋರಿಸುವುದಿಲ್ಲ, ಆ ಕುರ್ಚಿಯನ್ನು ತೋರಿಸುತ್ತೇನೆ. ಟಾಕೀಸಿನ ನೆಲದ ಮೇಲೆ ಕೂತಿದ್ದವರಲ್ಲಿ ಯಾರಿಗೂ ಸ್ಟೇಷನ್ನಿನಲ್ಲಿ ಯಾರೂ ಕೂರಲು ಹೇಳಿರಲಿಲ್ಲ. ಖಾಕಿ ಒಮ್ಮೆಯಾದರೂ ನಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತದೆ ಎಂಬ ಆಸೆಗೆ ಎರಡೂವರೆ ತಾಸು ಜೀವ ಕೊಡುವುದು ಸಣ್ಣ ಕೆಲಸವಲ್ಲ. ಅಂಥ ಸಿನಿಮಾಗಳನ್ನು ನೋಡಿ ಮೂಗು ಮುರಿಯುವವರ ಜೊತೆ ನಾನು ವಾದಕ್ಕೇ ಹೋಗುವುದಿಲ್ಲ.

ನನ್ನ ಅಣ್ಣ ಆ ಸಿನಿಮಾ ನೋಡಿ ಪೊಲೀಸ್ ಆದ. ಕಾನ್‌ಸ್ಟೇಬಲ್ ಆಗಿ ಸೇರಿ, ಈಗ ಬಳ್ಳಾರಿಯಲ್ಲಿ ಎಎಸ್‌ಐ, ನಿವೃತ್ತಿಗೆ ಹತ್ತಿರ. ಯಾವ ಸ್ಟೇಷನ್ನಿಗೆ ವರ್ಗವಾದರೂ ಮೊದಲು ಹೊರಗಿನವರಿಗೆ ಕೂರಲು ಏನಿದೆ ಎಂದು ನೋಡುತ್ತಾನೆ. ಇಲ್ಲದಿದ್ದರೆ ಎಲ್ಲಿಂದಲೋ ಒಂದು ಬೆಂಚು ತರಿಸುತ್ತಾನೆ. ಇಷ್ಟು ವರ್ಷ ಕೈಗೆ ಸಿಕ್ಕ ಆರೋಪಿಯ ಮೇಲೆ ಅವನು ಕೈ ಎತ್ತಿಲ್ಲ. ಅದಕ್ಕೆ ಇಲಾಖೆಯ ಗೆಳೆಯರು ಅವನಿಗೆ "ಭಜನಿ ಸಾಹೇಬ" ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಅವನ ಉತ್ತರ ಒಂದೇ. "ಆ ಸಿನಿಮಾದಾಗ ಇನ್ಸ್‌ಪೆಕ್ಟರ್ ಕೈ ಕಟ್ಟಿದೋನ್ನ ಹೊಡೀತಾನೇನು? ಕಡೀಗೆ ಅಷ್ಟು ದೊಡ್ಡ ವಿಲನ್ ಕೈಗೆ ಸಿಕ್ಕಾಗ ಏನ್ ಮಾಡ್ತಾನ? ಬೇಡಿ ಹಾಕಿ ಕೋರ್ಟಿಗೆ ಕೊಡ್ತಾನ. ಒಂದ್ ಏಟಿಲ್ಲ!"

ಈ ಮಾತು ಬಂದಾಗಲೆಲ್ಲ ಅತ್ತಿಗೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಅವರ ತವರು ಸಿರುಗುಪ್ಪ. ಅದೇ ಸಿನಿಮಾವನ್ನು ಅದೇ ವರ್ಷ ಅವರು ಅಲ್ಲಿ ನೋಡಿದ್ದರು.

"ಏನ್ ಒಂದ್ ಏಟಿಲ್ಲ? ಲಾಕಪ್ಪಿನಾಗ ಒಬ್ಬನ್ನ ಹೊಡದು ಸಾಯಿಸ್ತಾನ. ನಾ ಕಣ್ಣಾರೆ ನೋಡೀನಿ."

"ನಿಮ್ಮ ಸಿರುಗುಪ್ಪದಾಗ ಬ್ಯಾರೆ ಸಿನಿಮಾ ಹಾಕಿರ್ಬೇಕು."

"ಹೌದ್ರಿ, ಹೀರೋನೂ ಅವನ, ಮೀಸೀನೂ ಅದ, ಸಿನಿಮಾ ಮಾತ್ರ ಬ್ಯಾರೆ."

"ಟಾಕೀಸಿನ ಬಾಜೂಕ ಅಕ್ಕಿ ಮಿಲ್ಲು. ಆ ಸಪ್ಪಳದಾಗ ನಿಂಗೇನ್ ಕೇಳಿಸ್ತೋ ಏನೋ!"

ಮದುವೆಯಾದಾಗಿನಿಂದ ನಡೆದ ಜಗಳ ಇದು. ಇಬ್ಬರಿಗೂ ಅದು ಬೇಕಾಗಿತ್ತು, ಊಟದ ಜೊತೆ ಉಪ್ಪಿನಕಾಯಿಯಂತೆ. ಫೋನಿನಲ್ಲಿ ಹುಡುಕಿ ನೋಡಬಹುದಿತ್ತಲ್ಲ ಎಂದರೆ, ಫೋನಿನಲ್ಲಿ ಇದ್ದದ್ದು ಅಲ್ಲಲ್ಲಿ ದೃಶ್ಯ ಹಾರಿಹೋದ ಪ್ರತಿ. ಅಲ್ಲದೆ ಅಣ್ಣ ಅದನ್ನು ನೋಡಲೂ ಒಪ್ಪಲಿಲ್ಲ. ಅಂಗೈಯಷ್ಟಿರುವ ಇನ್ಸ್‌ಪೆಕ್ಟರನ್ನು ಅವನು ಸಹಿಸಲಾರ.

ಈ ಬೇಸಿಗೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಅಣ್ಣನ ಮಗಳು ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿ ತರಬೇತಿಗೆ ಹಾಜರಾಗುವ ಆದೇಶ ಬಂತು. ಅವಳು ಬಳ್ಳಾರಿಯ ಗಾಂಧಿನಗರದ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಆ ಕೆಲಸ ಅವಳಿಗೆ ಇಷ್ಟವಿತ್ತು, ಹುಡುಗರಿಗೆ ಅವಳು ಇಷ್ಟವಿದ್ದಳು. ಪರೀಕ್ಷೆ ಬರೆದದ್ದು ಅಪ್ಪನ ಒತ್ತಾಯಕ್ಕೆ. ಹೋಗುವುದೋ ಬಿಡುವುದೋ, ಅವಳೇ ತೀರ್ಮಾನಿಸಬೇಕಿತ್ತು, ಅದೂ ಬೇಗ. ಎರಡನೆಯದು, ಆ ಹಳೆಯ ಸಿನಿಮಾ ಬಣ್ಣ ತಿದ್ದಿಸಿಕೊಂಡು, ಸದ್ದು ತೊಳೆಸಿಕೊಂಡು, ಬಳ್ಳಾರಿಯ ಟಾಕೀಸಿಗೆ ಮತ್ತೆ ಬಂತು.

ಅಣ್ಣನಿಗೆ ಇದು ದೇವರೇ ಕಳಿಸಿದಂತಾಯಿತು. "ಆ ಸಿನಿಮಾ ಒಂದು ನೋಡವ್ವ. ಆಮ್ಯಾಲೆ ನಿಂಗ ತಿಳಿದಂಗ ಮಾಡು. ನಾ ಒಂದ್ ಮಾತೂ ಆಡಂಗಿಲ್ಲ" ಎಂದ.

"ನೀವು ಒಂದ್ ಮಾತು ಆಡದ ಇರಾದು ನೋಡಾಕ ನಾನೂ ಬರ್ತೀನಿ" ಎಂದರು ಅತ್ತಿಗೆ.

ನಾವು ನಾಲ್ಕು ಜನ ಭಾನುವಾರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮ್ಯಾಟಿನಿಗೆ ಹೋದೆವು. ಹೊರಗೆ ಬಂಡೆಗುಡ್ಡ ಬಿಸಿಲಿಗೆ ಕಾದು ಬಿಳಿಚಿಕೊಂಡಿತ್ತು. ಒಳಗೆ ಎಸಿ. ಅಣ್ಣನಿಗೆ ಎಸಿಯೇ ಸರಿಬರಲಿಲ್ಲ. "ಬೆವರು ಬರದಿದ್ರ ಅದೆಂಥ ಫೈಟ್ ಸಿನಿಮಾಲೇ ತಮ್ಮಾ" ಎಂದ ನನಗೆ.

ಬೂಟು ಬಂತು. ಹೌದು, ಬೂಟೇ, ಆದರೆ ಕಪ್ಪು. ಕುರ್ಚಿಯೂ ಬಂತು, ನಾನು ಹೇಳಿದಂತೆಯೇ. ಮುದುಕ ಕೂತಾಗ ಮೊಮ್ಮಕ್ಕಳ ವಯಸ್ಸಿನ ಹುಡುಗರು ಸೀಟಿ ಹೊಡೆದರು. ಅಣ್ಣ ಮಗಳ ಮುಖ ನೋಡಿದ. ಅವಳು ನಗುತ್ತಿದ್ದಳು. ಅವನು ಗೆದ್ದಿದ್ದ.

ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ಅಣ್ಣನಿಗೂ ನನಗೂ ಗೊತ್ತಿಲ್ಲದ ಸಿನಿಮಾ ಶುರುವಾಯಿತು. ಒಂದು ಕೊಲೆಯ ಅನುಮಾನದ ಮೇಲೆ ಕೂಲಿಯವನೊಬ್ಬನನ್ನು ಹಿಡಿದು ತರುತ್ತಾರೆ. ಇನ್ಸ್‌ಪೆಕ್ಟರ್ ಅವನನ್ನು ಕೇಳುತ್ತಾನೆ, ಅವನು ಇಲ್ಲ ಎನ್ನುತ್ತಾನೆ. ಮತ್ತೆ ಕೇಳುತ್ತಾನೆ. ತುಂಬ ಮಾತು, ಹಿನ್ನೆಲೆ ಸಂಗೀತವೂ ಇಲ್ಲ. ಆಮೇಲೆ ಇನ್ಸ್‌ಪೆಕ್ಟರ್ ಎಲ್ಲರಿಗೂ ಹೊರಗೆ ಹೋಗಲು ಹೇಳುತ್ತಾನೆ. ಬಾಗಿಲ ಚಿಲಕ ಕೆಟ್ಟಿರುತ್ತದೆ. ಕುರ್ಚಿಯೊಂದನ್ನು ಎಳೆದು ಒಳಗಿನಿಂದ ಅಡ್ಡ ಇಡುತ್ತಾನೆ. ಮುದುಕ ಕೂತಿದ್ದ ಕುರ್ಚಿಯೇ.

ಅಷ್ಟರ ಮೇಲೆ ಒಳಗೇನಾಯಿತು ಎಂದು ತೋರಿಸುವುದಿಲ್ಲ. ತೋರಿಸುವುದು ಹೊರಗೆ ಬಂದ ಕಾನ್‌ಸ್ಟೇಬಲ್‌ನ ಮುಖ. ಅವನು ಅಂಗಳದ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ. ಒಳಗಿನ ಸಪ್ಪಳ ಕೇಳುತ್ತದೆ. ಅವನು ಬೇವಿನ ಕಡ್ಡಿಯೊಂದನ್ನು ಮುರಿದು ಎಲೆ ಕೀಳುತ್ತ ನಿಲ್ಲುತ್ತಾನೆ. ಕೊನೆಗೆ ಸಪ್ಪಳ ನಿಲ್ಲುತ್ತದೆ. ಅವನು ತಿರುಗಿ ನೋಡುವುದಿಲ್ಲ.

ಕೂಲಿಯವನು ಸತ್ತಿರುತ್ತಾನೆ. ಕೊಲೆ ಮಾಡಿದವನು ಬೇರೆ ಎಂದು ಆಮೇಲೆ ತಿಳಿಯುತ್ತದೆ. ಇನ್ಸ್‌ಪೆಕ್ಟರ್ ಮುಂದೆ ಕೈ ಕಟ್ಟಿದವನನ್ನು ಯಾಕೆ ಹೊಡೆಯುವುದಿಲ್ಲ, ಕೊನೆಗೆ ವಿಲನ್ನನ್ನು ಯಾಕೆ ಒಂದೂ ಏಟು ಹಾಕದೆ ಕೋರ್ಟಿಗೆ ಕೊಡುತ್ತಾನೆ ಎಂಬುದೆಲ್ಲ ಅಲ್ಲಿಂದ ಹುಟ್ಟುತ್ತದೆ. ಅಣ್ಣನ ಇಡೀ ನೌಕರಿಗೆ ಆಧಾರವಾದ ನಿಯಮ ಆ ಕುರ್ಚಿಯ ಹಿಂದಿನಿಂದ ಬಂದಿತ್ತು.

ಅತ್ತಿಗೆ "ನಾ ಹೇಳಿದ್ನಿಲ್ಲ?" ಎನ್ನುತ್ತಾರೆಂದು ಕಾದೆ. ಅಷ್ಟು ವರ್ಷದ ಜಗಳವನ್ನು ಗೆದ್ದ ಹೆಂಗಸು ಕೈಲಿದ್ದ ಪಾಪ್‌ಕಾರ್ನ್ ಪೊಟ್ಟಣವನ್ನು ಮುದುರಿ ಬ್ಯಾಗಿಗೆ ಹಾಕಿಕೊಂಡರು. ಮಗಳು ಪರದೆ ಬಿಟ್ಟು ಅಪ್ಪನನ್ನು ನೋಡುತ್ತಿದ್ದಳು. ಅಣ್ಣ ಪರದೆಯನ್ನೂ ನೋಡುತ್ತಿರಲಿಲ್ಲ.

ಹೊರಗೆ ಬಂದು ಬೈಕುಗಳ ನಡುವೆ ನಿಂತಾಗ ಅವಳು ಕೇಳಿದಳು. ಧ್ವನಿ ಏರಿಸಲಿಲ್ಲ.

"ಅಪ್ಪಾ, ನಿಮ್ಮ ಸ್ಟೇಷನ್ನಿನಾಗೂ ಆ ಲಾಕಪ್ಪಿನ ರೀಲು ಇತ್ತೇನು?"

ಅಣ್ಣ ಹೆಲ್ಮೆಟ್ ಹಾಕಿಕೊಂಡ, ತೆಗೆದ. ಯಾವ ಸ್ಟೇಷನ್ನು, ಯಾವ ವರ್ಷ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಇತ್ತು" ಎಂದ.

"ಆವಾಗ ನೀ ಏನ್ ಮಾಡ್ತಿದ್ದಿ?"

"ಚಾ ತರಾಕ ಹೋಗ್ತಿದ್ದೆ."

ಆ ಉತ್ತರದಲ್ಲಿ ನಗು ಬರುವಂಥದ್ದೇನೋ ಇತ್ತು. ಯಾರೂ ನಗಲಿಲ್ಲ. ಇದನ್ನು ಅವನು ಇದೇ ಮಾತುಗಳಲ್ಲಿ ಹೇಳಿದನೇ ಎಂದು ಅತ್ತಿಗೆಯನ್ನು ಆಮೇಲೆ ಕೇಳಿದೆ. "ಚಾ ತರಾಕ ಅಲ್ಲ, ಚಾ ಹೇಳಾಕ" ಎಂದರು. ಇರಬಹುದು. ಎರಡರಲ್ಲಿ ಯಾವುದಾದರೂ ಅವನೂ ಆ ಅಂಗಳದಲ್ಲೇ ಇದ್ದ.

ಮಾರನೇ ದಿನ ಅವಳು ನನ್ನ ಮನೆಗೆ ಬಂದಳು. ಅಪ್ಪ ನಿನ್ನೆಯಿಂದ ಒಂದು ಮಾತೂ ಆಡಿಲ್ಲ, ಮಾತು ಉಳಿಸಿಕೊಂಡಿದ್ದಾನೆ ಎಂದಳು. ಆಮೇಲೆ ವಿಷಯಕ್ಕೆ ಬಂದಳು. "ಕಾಕಾ, ನೀನೂ ಅವತ್ತು ಕುರುಗೋಡಿನಾಗ ಅಪ್ಪನ ಬಾಜೂಕ ಕುಂತಿದ್ದಿ. ಆ ಸೀನು ತೋರಿಸಿದ್ರೋ ಇಲ್ಲೋ?"

ನನಗೆ ಒಂದು ಉತ್ತರ ಸಿದ್ಧವಿತ್ತು. ಕುರುಗೋಡಿನ ಟಾಕೀಸಿಗೊಂದು ಪದ್ಧತಿ ಇತ್ತು. ಸುತ್ತಲಿನ ಹಳ್ಳಿಯವರು ಸಂಜೆಯ ಬಸ್ಸಿಗೆ ಬಂದು, ಸಿರುಗುಪ್ಪ ಕಡೆ ಹೋಗುವ ಕೊನೆಯ ಬಸ್ಸಿಗೆ ವಾಪಸಾಗುತ್ತಿದ್ದರು. ಹೀಗಾಗಿ ಸಂಜೆಯ ಬಸ್ಸು ಬರುವವರೆಗೆ ಸಿನಿಮಾ ಶುರುವಾಗುತ್ತಿರಲಿಲ್ಲ, ಕೊನೆಯ ಬಸ್ಸು ಹೊರಡುವ ಮೊದಲು ಮುಗಿಯದೆ ಇರುವಂತಿರಲಿಲ್ಲ. ಆ ಕೊನೆಯ ಬಸ್ಸಿನ ಡ್ರೈವರ್ ಒಳಗೆ ಬಂದು ಹಿಂದಿನ ಗೋಡೆಗೆ ಒರಗಿ ಕೂತು ಸಿನಿಮಾ ನೋಡುತ್ತಿದ್ದ. ಅವನು ಎದ್ದರೆ ಅರ್ಧ ಟಾಕೀಸು ಎದ್ದಂತೆ. ಸಂಜೆಯ ಬಸ್ಸು ತಡವಾದ ದಿನ ನಡುವಿನ ಒಂದು ರೀಲು ಬಿಡುತ್ತಿದ್ದರು. ಯಾವ ರೀಲು ಎಂಬುದಕ್ಕೂ ನಿಯಮವಿತ್ತು. ಫೈಟಿನ ರೀಲು ಬಿಟ್ಟರೆ ಕುರ್ಚಿಗಳು ಮುರಿಯುತ್ತವೆ, ಹಾಡಿನ ರೀಲು ಬಿಟ್ಟರೆ ಬೈಗುಳ. ಬಿಡುವುದು ಮಾತಿನ ರೀಲನ್ನು. ಅದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಂಬಿಕೆ.

ಕಥೆ ಸರಿಹೋಯಿತು. ಅಣ್ಣ ನೋಡಿದ್ದು ಪಾಪದ ರೀಲು ಕಳೆದುಹೋದ ಸಿನಿಮಾ. ಆ ಇನ್ಸ್‌ಪೆಕ್ಟರ್ ತಪ್ಪು ಮಾಡದೆಯೇ ಒಳ್ಳೆಯವನು, ಅಣ್ಣನೂ ಹಾಗೇ. ಆದರೆ ಇಷ್ಟು ನೆಟ್ಟಗೆ ಕೂಡುವ ನೆನಪುಗಳನ್ನು ನಾನು ನಂಬುವುದಿಲ್ಲ. ಅದನ್ನೂ ಅವಳಿಗೆ ಹೇಳಿದೆ.

"ಅಪ್ಪ ನೋಡ್ಲಿಲ್ಲೋ, ನೋಡಿ ಮರ್ತನೋ, ನಂಗ ಅಷ್ಟು ಗೊತ್ತಾಗ್ಬೇಕು" ಎಂದಳು. "ನೋಡ್ಲಿಲ್ಲ ಅಂದ್ರ ಅದೊಂದು. ನೋಡಿ, ಸೀಟಿ ಹೊಡದು, ಮನಿಗೆ ಬಂದು ಮರ್ತಾನ ಅಂದ್ರ ನಾನೂ ಮರೀತೀನಿ ಕಾಕಾ. ಅಂಥ ಕೆಲಸಕ್ಕ ನಾ ಹೋಗಂಗಿಲ್ಲ."

ಹಾಗಾಗಿ ಇಬ್ಬರೂ ಕುರುಗೋಡಿಗೆ ಹೋದೆವು. ಟಾಕೀಸಿನ ಜಾಗದಲ್ಲಿ ಈಗ ಸಿಮೆಂಟು, ಪೈಪು ಮಾರುವ ಅಂಗಡಿ ಇದೆ. ರೀಲು ಓಡಿಸುತ್ತಿದ್ದವರು ತೀರಿಕೊಂಡಿದ್ದರು. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು ಇದ್ದರು, ದೊಡ್ಡ ಬಸವಣ್ಣನ ಗುಡಿಯ ಕಡೆಯ ಓಣಿಯಲ್ಲಿ, ಕಟ್ಟೆಯ ಮೇಲೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಅವರು ಎದ್ದು ಕೂತರು.

"ರೀಲ್ ಬಿಡಾದಾ? ನಮ್ಮ ಟಾಕೀಸಿನಾಗಾ? ಯಾವನ್ರಿ ಹೇಳಿದಾಂವ? ಕರ್ಕೊಂಬರ್ರಿ ಅವನ್ನ. ಬಸವಣ್ಣನ ಆಣಿ, ಒಂದ್ ಇಂಚೂ ಬಿಟ್ಟಿಲ್ಲ. ಆ ಸಿರುಗುಪ್ಪದೋರು ಬಿಡ್ತಿದ್ರು!"

ಅವಳು ನನ್ನತ್ತ ನೋಡಿದಳು. ಹಾಗಾದರೆ ನೋಡಿದ್ದೇವೆ, ನೋಡಿ ಮರೆತಿದ್ದೇವೆ. ನಾನು ಆ ಕಟ್ಟೆಯ ಮೇಲೆ ಕೂತು ಬೇವಿನ ಮರವನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಬಂತು, ಚೆನ್ನಾಗಿಯೇ ಬಂತು. ಆದರೆ ಭಾನುವಾರ ಬಳ್ಳಾರಿಯಲ್ಲಿ ತೊಳೆದ ಬಣ್ಣದಲ್ಲಿ ನೋಡಿದ್ದ ಮರ ಅದು. ಒಮ್ಮೆ ಅದು ಒಳಗೆ ಬಂದಮೇಲೆ ಹಳೆಯದು ಇತ್ತೋ ಇಲ್ಲವೋ ನೋಡಲು ಜಾಗವೇ ಉಳಿದಿರಲಿಲ್ಲ.

"ಬಸ್ಸಿನ ಡ್ರೈವರ್ ಅದಾನ್ರಿ" ಎಂದರು ಕಟ್ಟೆಯವರು, ಸ್ವಲ್ಪ ತಣ್ಣಗಾಗಿ. "ಸಿರುಗುಪ್ಪದಾಗ ಮಗನ ಮನಿಯಾಗ ಇರ್ತಾನ. ಅವನ್ನ ಕೇಳ್ರಿ. ಆದ್ರ ಅವನ ಮಾತು ನಂಬಬ್ಯಾಡ್ರಿ."

ಸಿರುಗುಪ್ಪದ ದಾರಿಯ ಎರಡೂ ಕಡೆ ಭತ್ತದ ಗದ್ದೆ. ಕುರುಗೋಡಿನ ಕಲ್ಲುಗುಡ್ಡಗಳಿಂದ ಬಂದವರಿಗೆ ಆ ಹಸಿರು ಕಣ್ಣಿಗೆ ಚುಚ್ಚುತ್ತದೆ. ಡ್ರೈವರ್ ಸಿಕ್ಕರು. ಎತ್ತರದ ಮನುಷ್ಯ, ಕಿವಿ ಚುರುಕು, ಬಿಳಿ ಮೀಸೆಯ ತುದಿ ಈಗಲೂ ಮೇಲಕ್ಕೆ. ನಮಗೆ ಮೊದಲು ಮಜ್ಜಿಗೆ ಕೊಡಿಸಿ, ಬಂದ ಕಾರಣ ಕೇಳಿ ತೊಡೆ ತಟ್ಟಿ ನಕ್ಕರು.

"ಬಿಟ್ಟಿಲ್ಲ ಅಂದ್ನಾ ಅಂವ? ದಿನಾ ಬಿಡ್ತಿದ್ರವ್ವ! ನಾ ಗೋಡಿಗೆ ಕುಂತು ಮೈ ಮುರಿದ್ರ ಸಾಕು, ಮ್ಯಾಲಿನ ಕಿಂಡಿಯಾಗಿಂದ ಆಪರೇಟರ್ ಇಣುಕಿ ನೋಡ್ತಿದ್ದ. ಒಂದ್ ಸಲ ಮದಿವಿ ಸೀನ ಬಿಟ್ಟಿದ್ರು. ಹಿಂದಿನ ಸೀನಿನಾಗ ಹೀರೋಯಿನ್ ಕನ್ಯಾ, ಮುಂದಿನ ಸೀನಿನಾಗ ಬಸರಿ. ಜನ ಬಾಯಿಗೆ ಬಂದಂಗ ಮಾತಾಡಿದ್ರು ಪಾಪ, ಆಕಿ ತಪ್ಪೇನೂ ಇದ್ದಿಲ್ಲ."

ಅವಳು ಜೋರಾಗಿ ನಕ್ಕಳು. ಭಾನುವಾರದ ಆ ಕುರ್ಚಿಯ ಸೀನಾದ ಮೇಲೆ ಮೊದಲ ಸಲ ನಕ್ಕದ್ದು.

"ಈ ಪೊಲೀಸ್ ಸಿನಿಮಾದಾಗೂ ಬಿಟ್ಟಿದ್ರಾ ತಾತಾ? ಲಾಕಪ್ಪಿನ ಸೀನು?"

"ಬೇವಿನ ಗಿಡದ ಕೆಳಗ ಪೊಲೀಸಪ್ಪ ನಿಂದರ್ತಾನಲ್ಲ, ಅದಾ? ಅದನ್ನ ನಾ ನೋಡೀನಿ. ಕಡ್ಡಿ ಮುರೀತಾನ. ಅದ ನೋಡಿ ನಂಗ ಆವತ್ತು ಗಾಡಿ ಹೊಡಿಯಾಕ ಮನಸಾಗ್ಲಿಲ್ಲ."

"ಯಾವೂರಾಗ ನೋಡಿದ್ರಿ? ಕುರುಗೋಡಿನಾಗಾ?"

ಅವರು ಆ ಸಿನಿಮಾವನ್ನು ಎರಡೂ ಊರುಗಳಲ್ಲಿ ನೋಡಿದ್ದರು. ಡ್ಯೂಟಿಯ ಮೇಲೆ ಕುರುಗೋಡಿನಲ್ಲಿ, ರಜೆಯ ದಿನ ಹೆಂಡತಿಯ ಜೊತೆ ಸಿರುಗುಪ್ಪದಲ್ಲಿ. ಎರಡೂ ಕಡೆ ನೋಡಿದವರು ಬಹುಶಃ ಅವರೊಬ್ಬರೇ. ಕೈಯನ್ನು ಹಿಂದಕ್ಕೆ ಚಾಚಿ ಗೋಡೆ ಮುಟ್ಟಿದರು.

"ಬೆನ್ನಿಗೆ ಗೋಡಿ ಇತ್ತವ್ವ. ಗೋಡಿ ಕಾದಿತ್ತು. ಯಾವೂರ ಗೋಡಿ ಅಂದ್ರ..." ಎಂದು ಅಲ್ಲೇ ನಿಲ್ಲಿಸಿದರು. ಸುಳ್ಳು ಹೇಳಿ ನಮ್ಮನ್ನು ಕಳಿಸಿಬಿಡಬಹುದಿತ್ತು. ಹೇಳಲಿಲ್ಲ.

ಬಳ್ಳಾರಿಯ ಬಸ್ಸಿನಲ್ಲಿ ನಾವು ಅಕ್ಕಪಕ್ಕ ಕೂತೆವು. ಸಾಕ್ಷಿಗಳು ಮುಗಿದಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ, ಅವಳಿಗೆ ಏನಾದರೂ ಒಂದು ತೀರ್ಮಾನ ಕೊಡಬೇಕು, ಹಿರಿಯನಾಗಿ ಅದು ನನ್ನ ಕೆಲಸ ಎಂದುಕೊಂಡೆ. ನನ್ನಲ್ಲಿ ತೀರ್ಮಾನವಿರಲಿಲ್ಲ. ಗದ್ದೆಗಳು ಮುಗಿದು ಮತ್ತೆ ಕಲ್ಲು ಕಾಣಿಸಿಕೊಂಡ ಕಡೆ ಅವಳೇ ಮಾತಾಡಿದಳು.

"ನಾ ಹೋಗ್ತೀನಿ ಕಾಕಾ."

"ಎಲ್ಲಿಗೆ?"

"ಟ್ರೈನಿಂಗಿಗೆ."

"ಅಪ್ಪ ನೋಡಿದ್ನೋ ಇಲ್ಲೋ ಗೊತ್ತಾಗ್ಲಿಲ್ಲಲ್ಲ?"

"ಗೊತ್ತಾಗ್ಲಿಲ್ಲ. ಆದ್ರ ನಾ ನೋಡೀನಲ್ಲ."

"ಮತ್ತ?"

"ಕಿಟಕಿ ಒಂದಿಷ್ಟು ಸರಿಸು. ಬಿಸಿಲು ಬರಾಕತ್ತೈತಿ" ಎಂದಳು. ಸರಿಸಿದೆ. ಅವಳು ಕಣ್ಣು ಮುಚ್ಚಿದಳು, ನಿದ್ದೆ ಮಾಡಿದಳೆಂದು ಹೇಳಲಾರೆ.

ಮನೆಯಲ್ಲಿ ಸುದ್ದಿ ಹೇಳಿದಾಗ ಅಣ್ಣ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡತೊಡಗಿದ. ಅತ್ತಿಗೆ ಏಳಲು ಹೋದರು. ಮಗಳು ಅವರ ಕೈ ಹಿಡಿದು ಕೂರಿಸಿ, ತಾನೇ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. "ಅಪ್ಪಾ, ನೀ ಹೊರಗ ಬಾ. ಇಲ್ಲಿ ಕುಂದ್ರು" ಎಂದಳು. ಅವನು ಒಲೆ ಆರಿಸಿ ಬಂದು ಕೂತ. ಅವತ್ತು ನಾವು ಯಾರೂ ಚಹಾ ಕುಡಿಯಲಿಲ್ಲ.

ಅವಳು ತರಬೇತಿಗೆ ಹೋಗಿದ್ದಾಳೆ. ಫೋನು ಮಾಡಿದಾಗ ಕಾಲುನೋವಿನ ಬಗ್ಗೆ, ಅಲ್ಲಿನ ಸಪ್ಪೆ ಸಾರಿನ ಬಗ್ಗೆ ಹೇಳುತ್ತಾಳೆ. ಅಣ್ಣ ಮತ್ತು ಅತ್ತಿಗೆ ಈಗ ಆ ಸಿನಿಮಾದ ಬಗ್ಗೆ ಜಗಳವಾಡುವುದಿಲ್ಲ.

ಅವಳು ಯಾಕೆ ಹೋದಳು ಎಂಬುದು ನನಗೆ ಗೊತ್ತಿಲ್ಲ. ಅಂದು ಸಂಜೆ ಕುರುಗೋಡಿಗೆ ಬಸ್ಸು ತಡವಾಗಿ ಬಂದಿತ್ತೋ, ವೇಳೆಗೆ ಸರಿಯಾಗಿ ಬಂದಿತ್ತೋ, ಅದೂ ಗೊತ್ತಿಲ್ಲ.